ಬಾರಾಲಾಚಾ ಏರುವಾಗ ಕಾರು ತಡವರಿಸಿತು: 1,900 ರೂಪಾಯಿಯ ಓಬಿಡಿ ಸ್ಕ್ಯಾನರ್ ಎಷ್ಟು ಕೆಲಸಕ್ಕೆ ಬಂತು?

ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್. ಕಾರಿನ ಕಂಪ್ಯೂಟರ್ ಒಳಗಿನ ರೀಡಿಂಗ್, ದೋಷದ ಕೋಡ್ ಎಲ್ಲಾ ಫೋನ್‌ನಲ್ಲಿ ತೋರಿಸುವ ಸಾಧನ ಇದು. ನಾನು ಕೊಟ್ಟ ಬೆಲೆ 1,900 ರೂಪಾಯಿ. ಇದನ್ನು ಕಾರಿನಲ್ಲಿಟ್ಟುಕೊಂಡು ಬೆಂಗಳೂರಿನಿಂದ ಲೇಹ್‌ವರೆಗೆ ಹೋಗಿ ಬಂದೆ. ದಾರಿಯಲ್ಲಿ ಕಾರು ಕೈಕೊಟ್ಟಿತು. ಆಗ ಇದು ಎಲ್ಲಿ ಉಪಯೋಗಕ್ಕೆ ಬಂತು, ಎಲ್ಲಿ ಸಾಲಲಿಲ್ಲ ಅಂತ ಬರೆಯುತ್ತಿದ್ದೇನೆ. ಬ್ರಾಂಡ್ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಒಳಗಿನ ಸಾಮಾನು ಒಂದೇ ಆಗಿದ್ದು ಹೊರಗೆ ಹತ್ತು ಹೆಸರು ಅಂಟಿಸಿ ಮಾರುತ್ತಾರೆ. ಯಾವುದನ್ನು ನೋಡಿ ಕೊಳ್ಳಬೇಕು ಅಂತ ಮುಂದೆ ಹೇಳುತ್ತೇನೆ.

ನನ್ನದು 1.2 ಲೀಟರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಏಳು ವರ್ಷ ಹಳೆಯದು. ಹೊರಡುವ ಮುಂಚೆ ಸರ್ವಿಸ್ ಸೆಂಟರ್‌ಗೆ ಬಿಟ್ಟು, ಲಡಾಖ್‌ಗೆ ಹೋಗುತ್ತಿದ್ದೇವೆ, ಎಲ್ಲಾ ನೋಡಿಕೊಡಿ ಅಂದಿದ್ದೆ. ಆಯಿಲ್, ಬ್ರೇಕ್ ಪ್ಯಾಡ್, ಕೂಲೆಂಟ್, ಏರ್ ಫಿಲ್ಟರ್, ಪ್ಲಗ್ ಎಲ್ಲಾ ಹೊಸದು ಹಾಕಿದರು. ಬಿಲ್ ದೊಡ್ಡದೇ ಬಂತು. ನಾಗ್ಪುರ, ಝಾನ್ಸಿ, ಆಗ್ರಾ ದಾಟಿ ಮನಾಲಿವರೆಗೆ ಹತ್ತಿರ ಹತ್ತಿರ 2,700 ಕಿಲೋಮೀಟರ್ ಕಾರು ಒಂದು ಸಲವೂ ಗೊಣಗಲಿಲ್ಲ.

ಮುಂದೆ ಹೋಗುವ ಮೊದಲು ಒಂದು ವಿಷಯ ಸ್ಪಷ್ಟ ಮಾಡಬೇಕು, ಯಾಕೆಂದರೆ ಇದರಲ್ಲೇ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಎತ್ತರಕ್ಕೆ ಹೋದಾಗ ಟರ್ಬೊ ಇಲ್ಲದ ಕಾರಿನ ಶಕ್ತಿ ಕಡಿಮೆ ಆಗುವುದು ಸಹಜ. ಗಾಳಿಯಲ್ಲಿ ಆಕ್ಸಿಜನ್ ಪಾಲು ಅಲ್ಲೂ ಇಲ್ಲಿನಷ್ಟೇ, ಶೇಕಡಾ 21. ಆದರೆ ಗಾಳಿಯೇ ತೆಳು. ಪ್ರತಿ 300 ಮೀಟರಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಹೋಗುತ್ತದೆ ಅನ್ನುವುದು ಹಳೆಯ ಲೆಕ್ಕ. 5,328 ಮೀಟರ್ ಎತ್ತರದ ತಾಂಗ್ಲಾಂಗ್ ಲಾ (ಲಾ ಅಂದರೆ ಬೆಟ್ಟ ದಾಟುವ ಕಣಿವೆದಾರಿ) ಮೇಲೆ ಎಂಜಿನ್‌ಗೆ ಸಿಗುವ ಗಾಳಿ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಾಗಾಗಿ ಮೂರನೇ ಗೇರ್‌ನಲ್ಲಿ ಏರುವ ಕಡೆ ಎರಡನೇ ಗೇರ್ ಬೇಕು, ಕೆಲವು ಕಡೆ ಒಂದನೇ ಗೇರ್ ಬೇಕು. ಇದು ಕಾಯಿಲೆ ಅಲ್ಲ.

ತಡವರಿಸುವುದು ಬೇರೆ. ಆಕ್ಸಿಲರೇಟರ್ ಒತ್ತುತ್ತೀರಿ, ಒಂದು ಕ್ಷಣ ಏನೂ ಆಗುವುದಿಲ್ಲ, ಎಂಜಿನ್ ಉಸಿರು ಕಟ್ಟಿದ ಹಾಗೆ ಗುರ್ ಅನ್ನುತ್ತದೆ, ಆಮೇಲೆ ಜರ್ಕ್ ಹೊಡೆದು ಮುಂದಕ್ಕೆ ಜಿಗಿಯುತ್ತದೆ. ನಮ್ಮ ಕಡೆ ಮೆಕ್ಯಾನಿಕ್‌ಗಳು ಮಿಸ್ಸಿಂಗ್ ಹೊಡೀತಿದೆ ಅನ್ನುತ್ತಾರಲ್ಲ, ಹೆಚ್ಚುಕಮ್ಮಿ ಅದೇ. ಶಕ್ತಿ ಕಡಿಮೆ ಆದ ಕಾರು ನಿಧಾನವಾದರೂ ಒಂದೇ ಸಮ ಎಳೆಯುತ್ತದೆ. ತಡವರಿಸುವ ಕಾರು ಯಾವಾಗ ಎಳೆಯುತ್ತದೆ, ಯಾವಾಗ ಕೈಬಿಡುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಒಂದು ಕಡೆ ಪ್ರಪಾತ ಇರುವ ತಿರುವಿನಲ್ಲಿ, ಎದುರಿಗೆ ಸೇನೆಯ ಲಾರಿಗಳ ಸಾಲು ಬರುತ್ತಿರುವಾಗ, ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ ಕೂತಿರುವಾಗ ಅದು ಎಷ್ಟು ಭಯ ಹುಟ್ಟಿಸುತ್ತದೆ ಅಂತ ಹೇಳುವುದು ಕಷ್ಟ.

ನಮಗೆ ಆಗಿದ್ದು ಇದು. ಅಟಲ್ ಸುರಂಗ ದಾಟಿ ಲಾಹೌಲ್ ಕಣಿವೆಗೆ ಇಳಿದೆವು. ತಾಂಡಿಯಲ್ಲಿ ಪೆಟ್ರೋಲ್ ಬಂಕ್ ಇದೆ, ಮುಂದಿನ ಬಂಕ್ 365 ಕಿಲೋಮೀಟರ್ ದೂರ ಅನ್ನುವ ಬೋರ್ಡ್‌ನಿಂದ ಹೆಸರುವಾಸಿ. ಆ ಬೋರ್ಡ್ ನೋಡಿದ ಮೇಲೆ ಯಾರಾದರೂ ಟ್ಯಾಂಕ್ ಅರ್ಧ ತುಂಬಿಸುತ್ತಾರಾ? ನಾನೂ ಫುಲ್ ಮಾಡಿ ಅಂದೆ. ನಾಝಲ್ ಟಕ್ ಅಂತ ನಿಂತ ಮೇಲೂ ಇನ್ನೂ ಹಾಕಿ, ಇನ್ನೂ ಸ್ವಲ್ಪ ಅಂತ ಕಾರು ಅಲ್ಲಾಡಿಸಿ ಅಲ್ಲಾಡಿಸಿ ಕುತ್ತಿಗೆವರೆಗೆ ತುಂಬಿಸಿದೆವು. ಈ ಮಾತು ನೆನಪಿಟ್ಟುಕೊಳ್ಳಿ, ಕತೆ ಇಲ್ಲಿಗೇ ವಾಪಸ್ ಬರುತ್ತದೆ.

ಆ ರಾತ್ರಿ ಜಿಸ್ಪಾದಲ್ಲಿ ತಂಗಿದೆವು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಸುಮಾರು ಹೊತ್ತು ತಿರುಗಿ ತಿರುಗಿ ಸ್ಟಾರ್ಟ್ ಆಯಿತು. ಐಡಲ್‌ನಲ್ಲಿ ನಡುಗುತ್ತಿತ್ತು. ಸಣ್ಣಗೆ ಪೆಟ್ರೋಲ್ ವಾಸನೆ. ಚಳಿಗೆ ಇರಬೇಕು ಅಂದುಕೊಂಡೆ. ದಾರ್ಚಾ ದಾಟಿ ಪಾಟ್ಸಿಯೋ ಕಡೆಗೆ, ಬಾರಾಲಾಚಾ ಲಾದ ಏರು ಶುರುವಾದ ಮೇಲೆ ತಡವರಿಕೆ ಶುರುವಾಯಿತು. ಝಿಂಗ್‌ಜಿಂಗ್‌ಬಾರ್ ಹೊತ್ತಿಗೆ ಪ್ರತಿ ತಿರುವಿನಲ್ಲೂ ಕಾರು ನಿಂತುಹೋಗುತ್ತದೇನೋ ಅನ್ನಿಸುತ್ತಿತ್ತು. ಚೆಕ್ ಎಂಜಿನ್ ಲೈಟ್ ಮಾತ್ರ ಹತ್ತಿರಲಿಲ್ಲ.

ಅಲ್ಲಿ ಒಂದು ಢಾಬಾದ ಹತ್ತಿರ ನಿಲ್ಲಿಸಿದೆ. ಸುತ್ತ ಇದ್ದವರು ತಲೆಗೊಂದು ಸಲಹೆ ಕೊಟ್ಟರು. ಪೆಟ್ರೋಲ್‌ನಲ್ಲಿ ಕಚಡಾ ಇದೆ ಅಂದ ಒಬ್ಬರು. ಪ್ಲಗ್ ಹೋಗಿದೆ ಅಂದ ಇನ್ನೊಬ್ಬರು. ಏರ್ ಫಿಲ್ಟರ್ ಬಿಚ್ಚಿ ಎಸೆದು ಹೋಗಿ, ಚೆನ್ನಾಗಿ ಉಸಿರಾಡುತ್ತದೆ ಅಂದವರು ಮೂವರು. ಈ ಕೊನೆಯ ಸಲಹೆ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಾರ್ಬ್ಯುರೇಟರ್ ಕಾಲದಲ್ಲಿ ಇದಕ್ಕೆ ಅರ್ಥ ಇತ್ತು. ಕಾರ್ಬ್ಯುರೇಟರ್‌ಗೆ ಗಾಳಿ ತೆಳುವಾಗಿದೆ ಅಂತ ಗೊತ್ತಾಗುವುದಿಲ್ಲ, ಅದು ಹಳೆಯ ಅಳತೆಯಲ್ಲೇ ಪೆಟ್ರೋಲ್ ಬಿಡುತ್ತದೆ, ಮಿಶ್ರಣ ರಿಚ್ ಆಗುತ್ತದೆ, ಅಂದರೆ ಇರುವ ಗಾಳಿಗೆ ಪೆಟ್ರೋಲ್ ಜಾಸ್ತಿ ಆಗುತ್ತದೆ. ಹಳೇ ಬುಲೆಟ್‌ನಲ್ಲಿ ಹೋಗುತ್ತಿದ್ದವರು ಸಣ್ಣ ಜೆಟ್ (ಪೆಟ್ರೋಲ್ ಬಿಡುವ ತೂತು) ಹಾಕಿಸಿಕೊಂಡೇ ಹೋಗುತ್ತಿದ್ದರು. ಫಿಲ್ಟರ್ ತೆಗೆದರೆ ಒಂದಿಷ್ಟು ಗಾಳಿ ಜಾಸ್ತಿ ಸಿಗುತ್ತಿತ್ತು. ಆದರೆ ಇವತ್ತಿನ ಇಂಜೆಕ್ಷನ್ ಕಾರಿನಲ್ಲಿ ಗಾಳಿ ಎಷ್ಟಿದೆ ಅಂತ ಸೆನ್ಸರ್ ಅಳೆದು ಹೇಳುತ್ತದೆ, ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಚಿಮ್ಮಿಸುತ್ತದೆ. ಫಿಲ್ಟರ್ ತೆಗೆದರೆ ಏನೂ ಸಿಗುವುದಿಲ್ಲ. ಮೋರೆ ಬಯಲಿನ ಆ ಹಿಟ್ಟಿನಂಥ ಧೂಳು ಮಾತ್ರ ನೇರ ಸಿಲಿಂಡರ್ ಒಳಗೆ ಹೋಗುತ್ತದೆ. ದಯವಿಟ್ಟು ಯಾರೂ ಮಾಡಬೇಡಿ.

ಸ್ಕ್ಯಾನರ್ ತೆಗೆದೆ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಅದಕ್ಕೆ ಚುಚ್ಚಿ ಫೋನ್‌ನಲ್ಲಿ ಕಾರ್ ಸ್ಕ್ಯಾನರ್ ಅನ್ನುವ ಆ್ಯಪ್ ತೆರೆದೆ. ನೆಟ್‌ವರ್ಕ್ ಇರಲಿಲ್ಲ. ಆ್ಯಪ್‌ಗೆ ಅದು ಬೇಕಾಗಿಯೂ ಇಲ್ಲ. ಇದು ದೊಡ್ಡ ಪ್ಲಸ್.

ನಾನು ಮೊದಲು ನೋಡಿದ್ದು ಮ್ಯಾಪ್ ಸೆನ್ಸರ್ ರೀಡಿಂಗ್. ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆ, ಅಂದರೆ ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿ ಗಾಳಿಯ ಒತ್ತಡ ಎಷ್ಟಿದೆ ಅಂತ ಹೇಳುವ ಸೆನ್ಸರ್ ಅದು. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಇದ್ದಾಗ ಅದು ತೋರಿಸುವುದು ಹೊರಗಿನ ಗಾಳಿಯ ಒತ್ತಡವನ್ನೇ. ಅಂದರೆ ಕಾರಿನೊಳಗೇ ಒಂದು ಬ್ಯಾರೋಮೀಟರ್ ಇದ್ದ ಹಾಗೆ. ಬೆಂಗಳೂರಿನಲ್ಲಿ ನನ್ನ ಕಾರು 91 ಕಿಲೋಪಾಸ್ಕಲ್ ತೋರಿಸುತ್ತದೆ. ಹೊರಡುವುದಕ್ಕೆ ಎರಡು ವಾರ ಮುಂಚೆ ಚಿಕ್ಕಮಗಳೂರಿಗೆ ಹೋದಾಗ ಮುಳ್ಳಯ್ಯನಗಿರಿ ಮೇಲೆ 82 ಬಂದಿತ್ತು, ಮನಾಲಿಯಲ್ಲಿ 80, ಕೇಲಾಂಗ್‌ನಲ್ಲಿ 70. ಎಲ್ಲವನ್ನೂ ಬರೆದಿಟ್ಟಿದ್ದೆ. ಝಿಂಗ್‌ಜಿಂಗ್‌ಬಾರ್‌ನಲ್ಲಿ 61. ಸುಮಾರು 4,270 ಮೀಟರಿಗೆ ಅದು ಸರಿಯಾದ ಲೆಕ್ಕವೇ. ಹಾಗಾಗಿ ಮ್ಯಾಪ್ ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಅಂತ ಎರಡು ನಿಮಿಷದಲ್ಲಿ ಗೊತ್ತಾಯಿತು. ಅದೇನಾದರೂ ಅಲ್ಲಿ ಕೂತು 80 ಅಂತ ಹೇಳಿದ್ದರೆ, ಇಸಿಯು ಅಷ್ಟು ಗಾಳಿ ಇದೆ ಅಂತ ನಂಬಿ ಪೆಟ್ರೋಲ್ ಸುರಿಯುತ್ತಿತ್ತು, ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಏರ್ ಫಿಲ್ಟರ್ ಕಟ್ಟಿದೆಯಾ ಅಂತ ನೋಡುವುದಕ್ಕೂ ಇದೇ ಸೆನ್ಸರ್ ಸಾಕು. ಎರಡನೇ ಗೇರ್‌ನಲ್ಲಿ ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮ್ಯಾನಿಫೋಲ್ಡ್ ಒತ್ತಡ ಹೊರಗಿನ ಒತ್ತಡದ ಹತ್ತಿರ ಹತ್ತಿರ ಬರಬೇಕು, ಎರಡು ಮೂರು ಕಡಿಮೆ ಇದ್ದರೆ ಪರವಾಗಿಲ್ಲ. ನಮ್ಮದು 61ಕ್ಕೆ 59 ಬಂತು. ದಾರಿ ಸಲೀಸಾಗಿದೆ ಅಂತ ಅರ್ಥ. 50ಕ್ಕೇ ನಿಂತಿದ್ದರೆ ಫಿಲ್ಟರ್ ಮೇಲೆ ಅನುಮಾನ ಪಡಬೇಕಿತ್ತು. ಮೂವರು ಹೇಳಿದರೂ ನಾನು ಫಿಲ್ಟರ್ ಬಿಚ್ಚದೆ ಇದ್ದದ್ದು ಈ ಒಂದು ನಂಬರ್‌ನಿಂದ. ಪರೀಕ್ಷೆ ಮಾಡುವಾಗ ಫೋನ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ, ಡ್ರೈವರ್ ಕಣ್ಣು ರಸ್ತೆ ಮೇಲೇ ಇರಬೇಕು.

ಆಮೇಲೆ ಫ್ಯೂಯಲ್ ಟ್ರಿಮ್. ಸ್ಕ್ಯಾನರ್‌ನಲ್ಲಿ ಒಂದೇ ಒಂದು ವಿಷಯ ಕಲಿಯುವುದಾದರೆ ಇದನ್ನು ಕಲಿಯಿರಿ. ಸಾರಿಗೆ ಉಪ್ಪು ಹಾಕುವ ಹಾಗೆ ಅಂದುಕೊಳ್ಳಿ. ಕೈಅಳತೆಯಲ್ಲಿ ಒಂದಿಷ್ಟು ಹಾಕುತ್ತೀರಿ, ರುಚಿ ನೋಡುತ್ತೀರಿ, ಜಾಸ್ತಿ ಆಗಿದ್ದರೆ ಮುಂದಿನ ಸಲ ಕಡಿಮೆ ಮಾಡುತ್ತೀರಿ. ಇಸಿಯು ಲೆಕ್ಕದ ಪ್ರಕಾರ ಪೆಟ್ರೋಲ್ ಹಾಕುತ್ತದೆ, ಎಕ್ಸಾಸ್ಟ್‌ನ ಆಕ್ಸಿಜನ್ ಸೆನ್ಸರ್ ರುಚಿ ನೋಡುತ್ತದೆ. ಆ ಕ್ಷಣಕ್ಕೆ ಮಾಡುವ ತಿದ್ದುಪಡಿ ಶಾರ್ಟ್ ಟರ್ಮ್ ಟ್ರಿಮ್. ಅನುಭವದಿಂದ ಕಲಿತು ಇಟ್ಟುಕೊಂಡದ್ದು ಲಾಂಗ್ ಟರ್ಮ್ ಟ್ರಿಮ್. ಪ್ಲಸ್ ಇದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಇನ್ನೂ ಹಾಕುತ್ತಿದ್ದೇನೆ ಅಂತ. ಮೈನಸ್ ಇದ್ದರೆ ಜಾಸ್ತಿ ಆಗಿದೆ, ಕಡಿತ ಮಾಡುತ್ತಿದ್ದೇನೆ ಅಂತ. ಎರಡನ್ನೂ ಕೂಡಿಸಿ ನೋಡಬೇಕು. ಪ್ಲಸ್ ಅಥವಾ ಮೈನಸ್ 5ರ ಒಳಗೆ ಇದ್ದರೆ ಚಿಂತೆ ಇಲ್ಲ. 10 ದಾಟಿದರೆ ಹುಡುಕಲು ಶುರು ಮಾಡಬೇಕು.

ಬೆಂಗಳೂರಿನಲ್ಲಿ ನನ್ನ ಕಾರು ಪ್ಲಸ್ 2, ಪ್ಲಸ್ 3 ಇರುತ್ತಿತ್ತು. ಅಲ್ಲಿ ಮೈನಸ್ 22! ಆಕ್ಸಿಜನ್ ಸೆನ್ಸರ್ ಮೇಲಕ್ಕೂ ಕೆಳಕ್ಕೂ ಓಡಾಡಬೇಕಾದದ್ದು 0.8 ವೋಲ್ಟ್ ಮೇಲೆ ಅಂಟಿಕೊಂಡು ಕೂತಿತ್ತು. ಲೈಟ್ ಹತ್ತದಿದ್ದರೂ ಪೆಂಡಿಂಗ್ ಅನ್ನುವ ಪಟ್ಟಿಯಲ್ಲಿ ಪಿ0172 ಕೋಡ್ ಇತ್ತು, ಮಿಶ್ರಣ ರಿಚ್ ಆಗಿದೆ ಅನ್ನುವ ಕೋಡ್ ಅದು. ತುಂಬಾ ಕೋಡ್‌ಗಳಿಗೆ ಒಂದೇ ಓಟದಲ್ಲಿ ಲೈಟ್ ಹತ್ತುವುದಿಲ್ಲ, ಎರಡನೇ ಓಟದಲ್ಲೂ ಅದೇ ತೊಂದರೆ ಕಂಡರೆ ಮಾತ್ರ ಹತ್ತುತ್ತದೆ. ಹಾಗಾಗಿ ಲೈಟ್ ಇಲ್ಲ ಅಂದರೆ ತೊಂದರೆ ಇಲ್ಲ ಅಂತ ಅಲ್ಲ. ಪೆಂಡಿಂಗ್ ಪಟ್ಟಿ ನೋಡುವುದಕ್ಕಾದರೂ ಒಂದು ಸ್ಕ್ಯಾನರ್ ಬೇಕು ಅನ್ನುತ್ತೇನೆ ನಾನು.

ಅಂದರೆ ಎಲ್ಲಿಂದಲೋ ಲೆಕ್ಕಕ್ಕಿಲ್ಲದ ಪೆಟ್ರೋಲ್ ಎಂಜಿನ್‌ಗೆ ಹೋಗುತ್ತಿದೆ. ಗಾಳಿ ಕಡಿಮೆ ಇರುವ ಜಾಗದಲ್ಲಿ ಹಾಗಾದರೆ ಎಂಜಿನ್‌ಗೆ ಉಸಿರು ಕಟ್ಟುತ್ತದೆ, ಆಕ್ಸಿಲರೇಟರ್ ಒತ್ತಿದ ತಕ್ಷಣ ಇನ್ನೂ ಜಾಸ್ತಿ. ಇಷ್ಟರವರೆಗೆ ಸ್ಕ್ಯಾನರ್ ಹೇಳಿತು. ಎಲ್ಲಿಂದ ಅಂತ ನನಗೆ ತಿಳಿಯಲಿಲ್ಲ. ಇಂಜೆಕ್ಟರ್ ಸೋರುತ್ತಿದೆಯೇನೋ ಅಂದುಕೊಂಡೆ. ಹಾಗಿದ್ದರೆ ಮುಂದೆ ಸರ್ಚು, ಪಾಂಗ್ ಕಡೆ ಹೋಗುವುದು ತಪ್ಪು. ಅಪ್ಪ ಅಮ್ಮನಿಗೆ ಆಗಲೇ ತಲೆನೋವು ಶುರುವಾಗಿತ್ತು. ಗಾಡಿ ತಿರುಗಿಸಿ ಕೇಲಾಂಗ್‌ಗೆ ವಾಪಸ್ ಬಂದೆವು. ಅಲ್ಲಿಂದ ನಮ್ಮ ಊರಿನ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದೆ. ಹೈಟ್‌ಗೆ ಹೋದರೆ ಹಾಗೇ ಸಾರ್, ನಾರ್ಮಲ್ ಅಂದರು. ಟ್ರಿಮ್ ಮೈನಸ್ 22 ಇದೆ ಅಂದೆ. ಇಲ್ಲಿಗೆ ತಂದು ತೋರಿಸಿ ಅಂದರು. ನಿಜವಾಗಿ ಬೇಜಾರಾಯಿತು. ಫೋನ್‌ನಲ್ಲಿ ರಿಪೇರಿ ಮಾಡಿ ಅಂತ ನಾನು ಕೇಳಿರಲಿಲ್ಲ, ಎರಡು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಆ ಎರಡು ಪ್ರಶ್ನೆ ಕೇಳಿದ್ದು ಕೇಲಾಂಗ್‌ನ ಒಬ್ಬ ಮೆಕ್ಯಾನಿಕ್. ತಗಡಿನ ಶೀಟಿನ ಕೆಳಗೆ ಒಂದು ಸಣ್ಣ ಗ್ಯಾರೇಜು. ನಾನು ಫೋನ್ ತೋರಿಸಿ ನಂಬರ್ ಎಲ್ಲಾ ಹೇಳುತ್ತಿದ್ದೆ. ಅವರು ತಾಳ್ಮೆಯಿಂದ ಕೇಳಿ, ಟಂಕಿ ಎಲ್ಲಿ ತುಂಬಿಸಿದಿರಿ ಅಂದರು. ತಾಂಡಿಯಲ್ಲಿ. ಕುತ್ತಿಗೆವರೆಗೆ ತುಂಬಿಸಿದಿರಾ? ಹೌದು. ಹೋಗಿ ಟ್ಯಾಂಕಿನ ಮುಚ್ಚಳ ನಿಧಾನಕ್ಕೆ ತಿರುಗಿಸಿದರು. ಉಸ್ಸ್ ಅಂತ ಸುಮಾರು ಹೊತ್ತು ಆವಿ ಬಂತು. ಆಮೇಲೆ ಬಾನೆಟ್ ಎತ್ತಿ, ಎಂಜಿನ್ ಆನ್ ಇಟ್ಟು, ಇಂಟೇಕ್‌ಗೆ ಸೇರುವ ಒಂದು ಕಿರುಬೆರಳ ದಪ್ಪದ ಪೈಪನ್ನು ಪಕ್ಕಡದಲ್ಲಿ ಮೆತ್ತಗೆ ಹಿಚುಕಿ ಹಿಡಿದರು. ನಿಮ್ಮ ನಂಬರ್ ನೋಡಿ ಅಂದರು.

ಮೈನಸ್ 22 ಇದ್ದದ್ದು ಮೈನಸ್ 15 ಆಯಿತು. 9 ಆಯಿತು. ಒಂದು ನಿಮಿಷದೊಳಗೆ ಮೈನಸ್ 4ಕ್ಕೆ ಬಂತು. ನಡುಗುತ್ತಿದ್ದ ಐಡಲ್ ಸಮ ಆಯಿತು. ಪಕ್ಕಡ ಬಿಟ್ಟರು, ಮತ್ತೆ ಮೈನಸ್ 22ರ ಕಡೆಗೆ ಹೋಯಿತು. ಅಷ್ಟು ಸಂತೋಷ ನನಗೆ ಆ ಪ್ರವಾಸದಲ್ಲಿ ಪಾಂಗಾಂಗ್ ಸರೋವರ ನೋಡಿದಾಗಲೂ ಆಗಲಿಲ್ಲ.

ಅದು ಪರ್ಜ್ ಪೈಪು. ವಿಷಯ ಹೀಗಿದೆ. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಹೊರಗೆ ಹೋಗಬಾರದು ಅಂತ ಕಾರಿನಲ್ಲಿ ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ, ಕ್ಯಾನಿಸ್ಟರ್ ಅಂತಾರೆ. ಆವಿಯನ್ನು ಅದು ಹೀರಿ ಇಟ್ಟುಕೊಳ್ಳುತ್ತದೆ. ಕಾರು ಓಡುವಾಗ ಇಸಿಯು ಒಂದು ಸಣ್ಣ ವಾಲ್ವ್ ತೆರೆದು ಆ ಆವಿಯನ್ನು ಸ್ವಲ್ಪ ಸ್ವಲ್ಪವೇ ಎಂಜಿನ್‌ಗೆ ಎಳೆದು ಸುಡುತ್ತದೆ. ನಾಝಲ್ ಟಕ್ ಅಂದ ಮೇಲೂ ತುಂಬಿಸಿದರೆ ಆವಿಗೆ ಅಂತ ಬಿಟ್ಟ ಜಾಗವೂ ಪೆಟ್ರೋಲ್‌ನಿಂದ ತುಂಬುತ್ತದೆ, ಆವಿಯ ಪೈಪಿನಲ್ಲಿ ಪೆಟ್ರೋಲೇ ಹರಿದು ಡಬ್ಬಿ ನೆನೆದುಹೋಗುತ್ತದೆ. ಊರಲ್ಲೂ ಇದು ಕೆಟ್ಟ ಅಭ್ಯಾಸವೇ, ಆದರೆ ಅಲ್ಲಿ ಎರಡರಷ್ಟು ಕೆಟ್ಟದ್ದು. ತಾಂಡಿಯಿಂದ ಝಿಂಗ್‌ಜಿಂಗ್‌ಬಾರ್‌ಗೆ ಸುಮಾರು 1,700 ಮೀಟರ್ ಏರು. ಹೊರಗಿನ ಒತ್ತಡ ಇಳಿದ ಹಾಗೆ ಪೆಟ್ರೋಲ್ ಇನ್ನೂ ಸುಲಭವಾಗಿ ಆವಿಯಾಗುತ್ತದೆ. ಮೇಲೆ ಬಿಸಿಲು, ಏರಿನಲ್ಲಿ ಟ್ಯಾಂಕ್ ವಾಲಿಕೊಂಡಿರುತ್ತದೆ. ಎಂಜಿನ್‌ಗೆ ಬೇಕಾದ ಪೆಟ್ರೋಲೇ ಅಲ್ಲಿ ಕಡಿಮೆ, ಹಾಗಾಗಿ ಪರ್ಜ್‌ನಿಂದ ಬರುವ ಅದೇ ಆವಿ ಅಲ್ಲಿ ದೊಡ್ಡ ಪಾಲಾಗುತ್ತದೆ. ಕಾರು ತಡವರಿಸದೆ ಇನ್ನೇನು ಮಾಡೀತು?

ನನ್ನ ಕಾರಿನಲ್ಲಿ ಕ್ಯಾನಿಸ್ಟರ್ ಬಾನೆಟ್ ಕೆಳಗೇ ಇದೆ, ಕೆಲವು ಕಾರುಗಳಲ್ಲಿ ಹಿಂದೆ ಟ್ಯಾಂಕಿನ ಹತ್ತಿರ ಇರುತ್ತದೆ. ಅವರು ಅದನ್ನು ಬಿಚ್ಚಿ ಅಡಿಮೇಲು ಮಾಡಿದರು. ಪೆಟ್ರೋಲ್ ತೊಟ್ಟಿಕ್ಕಿತು. ಮೂರು ಗಂಟೆ ಬಯಲಲ್ಲಿ ಇಟ್ಟು ಒಣಗಿಸಿದರು. ಟ್ಯಾಂಕಿನಿಂದ ಐದು ಲೀಟರ್ ತೆಗೆದು ಲೋಹದ ಕ್ಯಾನ್‌ಗೆ ಹಾಕಿದರು. ಸುತ್ತ ಯಾರೂ ಬೀಡಿ ಸಿಗರೇಟು ಹಚ್ಚದ ಹಾಗೆ ನೋಡಿಕೊಂಡರು. ಮೆಕ್ಯಾನಿಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಆವಿ ಆಟದ ಸಾಮಾನಲ್ಲ. ತೆಗೆದುಕೊಂಡದ್ದು 500 ರೂಪಾಯಿ. ನಾನು ಜಾಸ್ತಿ ಕೊಡಲು ಹೋದೆ, ಬೇಡ ಅಂದರು.

ಮರುದಿನ ಅದೇ ಏರು. ಬಾರಾಲಾಚಾ ಲಾ ಮೇಲೆ ಒತ್ತಡ 57, ಟ್ರಿಮ್ ಮೈನಸ್ 6. ಕಾರು ನಿಧಾನ, ಆದರೆ ಒಂದೇ ಸಮ. ಗಾಟಾ ಲೂಪ್ಸ್‌ನ 21 ತಿರುವುಗಳಲ್ಲಿ ಒಂದು ಸಲವೂ ಜರ್ಕ್ ಇಲ್ಲ. ತಾಂಗ್ಲಾಂಗ್ ಲಾ ಮೇಲೆ 54 ನೋಡಿದೆ, ಟ್ರಿಮ್ ಮೈನಸ್ 3. ಟ್ಯಾಂಕ್ ಖಾಲಿಯಾದ ಹಾಗೆ ಇನ್ನೂ ಸುಧಾರಿಸಿತು. ಲೇಹ್‌ನಲ್ಲಿ ಟಕ್ ಅಂದ ಕೂಡಲೇ ಸಾಕು ಅಂದೆ.

ಈಗ ಸ್ಕ್ಯಾನರ್ ವಿಷಯಕ್ಕೆ. ಇದಕ್ಕೂ ಮುಂಚೆ ನಾನು 450 ರೂಪಾಯಿಯದ್ದೊಂದು ತೆಗೆದುಕೊಂಡಿದ್ದೆ. ಇಎಲ್‌ಎಂ327 ಅಂತ ಬರೆದಿರುತ್ತದೆ. ಅದು ಕೆನಡಾದ ಒಂದು ಕಂಪನಿ ಮಾಡುತ್ತಿದ್ದ ಚಿಪ್‌ನ ಹೆಸರು, ಅಗ್ಗದ ಡಬ್ಬಿಗಳಲ್ಲಿ ಇರುವುದು ಅದರ ನಕಲು. ನಕಲು ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ, ಕೋಡ್ ಓದುವುದಕ್ಕೆ ಸಾಕು. ಆದರೆ ನನ್ನದು ಐದು ನಿಮಿಷಕ್ಕೊಮ್ಮೆ ಸಂಪರ್ಕ ಬಿಡುತ್ತಿತ್ತು, ಸೆಕೆಂಡಿಗೆ ಒಂದು ರೀಡಿಂಗ್ ಬಂದರೆ ಹೆಚ್ಚು. ತಡವರಿಕೆ ಒಂದು ಸೆಕೆಂಡಿನ ಕೆಲಸ. ಅಷ್ಟು ನಿಧಾನ ಇದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಈಗಿನದು ಒಂದು ಸಲವೂ ಸಂಪರ್ಕ ಬಿಟ್ಟಿಲ್ಲ, ನಾಲ್ಕು ರೀಡಿಂಗ್ ಇಟ್ಟುಕೊಂಡರೆ ಗ್ರಾಫ್ ನೋಡುವಷ್ಟು ವೇಗ ಇದೆ. ಹತ್ತು ಹನ್ನೆರಡು ಹಾಕಿದರೆ ಇದೂ ಏದುಸಿರು ಬಿಡುತ್ತದೆ. ನಾಲ್ಕು ಸಾಕು: ಮ್ಯಾನಿಫೋಲ್ಡ್ ಒತ್ತಡ, ಎರಡು ಟ್ರಿಮ್, ಮುಂದಿನ ಆಕ್ಸಿಜನ್ ಸೆನ್ಸರ್.

ಐದನೆಯದೊಂದು ಇಡಬೇಕಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು, ಕಮಾಂಡೆಡ್ ಪರ್ಜ್. ವಾಲ್ವ್ ಎಷ್ಟು ತೆರೆಯಬೇಕು ಅಂತ ಇಸಿಯು ಹೇಳುತ್ತಿದೆ ಅನ್ನುವ ಶೇಕಡಾವಾರು ಅದು. ನನ್ನ ಕಾರು ಅದನ್ನು ಕೊಡುತ್ತದೆ, ನಾನು ಪಟ್ಟಿಯಲ್ಲಿ ನೋಡಿರಲೇ ಇಲ್ಲ. ಲೇಹ್‌ನಲ್ಲಿ ಕೂತು ಹಳೆಯ ಗ್ರಾಫ್ ಎಲ್ಲಾ ಮತ್ತೆ ನೋಡಿದಾಗ, ಅದೊಂದು ಗೆರೆ ಇದ್ದಿದ್ದರೆ ಪರ್ಜ್ ಮೇಲೆದ್ದಾಗೆಲ್ಲಾ ಟ್ರಿಮ್ ಕೆಳಗೆ ಬೀಳುವುದು ಝಿಂಗ್‌ಜಿಂಗ್‌ಬಾರ್‌ನಲ್ಲೇ ಕಾಣುತ್ತಿತ್ತು ಅನ್ನಿಸಿತು.

ಇದು ಎಲ್ಲಿ ಸಾಲುವುದಿಲ್ಲ ಅಂತಲೂ ಹೇಳಬೇಕು. ನನ್ನಂಥ ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಫ್ಯೂಯಲ್ ಪ್ರೆಶರ್ ರೀಡಿಂಗ್ ಸಿಗುವುದಿಲ್ಲ, ಪಂಪ್ ಸೋತಿದೆಯಾ ಅಂತ ಪ್ಲಸ್ ಟ್ರಿಮ್ ನೋಡಿ ಊಹಿಸಬೇಕಷ್ಟೇ. ಆದರೆ ಬೆಟ್ಟದ ಮೇಲೆ ಮಾತ್ರ ತೊಂದರೆ ಇದ್ದರೆ ಪಂಪ್ ಮೇಲೆ ನನಗೆ ಅನುಮಾನ ಕಡಿಮೆ. ತೆಳು ಗಾಳಿಯಲ್ಲಿ ಎಂಜಿನ್ ಕೇಳುವ ಪೆಟ್ರೋಲೇ ಕಡಿಮೆ. ಸೋತ ಪಂಪ್ ನಾಗ್ಪುರದ ಹೈವೇಯಲ್ಲೇ ಬಣ್ಣ ಬಯಲು ಮಾಡುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಪೈಪ್ ಹಿಚುಕಬೇಕು ಅಂತ ಸ್ಕ್ಯಾನರ್ ಹೇಳುವುದಿಲ್ಲ. ಅದು ಆ ಮೆಕ್ಯಾನಿಕ್ ತಲೆಯಲ್ಲಿತ್ತು. ಆದರೆ ಅವರೇ ಹೇಳಿದರು, ನಂಬರ್ ಕಣ್ಣೆದುರು ಬದಲಾಗುವುದು ಕಂಡಿದ್ದರಿಂದ ನನಗೂ ಖಾತ್ರಿ ಆಯಿತು, ಇಲ್ಲದಿದ್ದರೆ ಇಂಜೆಕ್ಟರ್ ಬಿಚ್ಚಿ ನೋಡಬೇಕಾಗುತ್ತಿತ್ತು ಅಂತ.

ಕೋಡ್ ಕಂಡ ತಕ್ಷಣ ಅಳಿಸುವ ಬಟನ್ ಒತ್ತಬೇಡಿ. ತುಂಬಾ ಕಾರುಗಳಲ್ಲಿ ಅದರ ಜೊತೆಗೆ ಕಲಿತಿಟ್ಟ ಟ್ರಿಮ್ ಕೂಡ ಅಳಿಸಿಹೋಗುತ್ತದೆ, ಸಾಕ್ಷಿಯೇ ಇಲ್ಲದ ಹಾಗಾಗುತ್ತದೆ. ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ರಾತ್ರಿ ಕಾರಿನಲ್ಲೇ ಚುಚ್ಚಿ ಬಿಡಬೇಡಿ, ಬ್ಯಾಟರಿ ತಿನ್ನುತ್ತದೆ, ಚಳಿಯಲ್ಲಿ ಬೆಳಿಗ್ಗೆ ಕಷ್ಟ. ಐಫೋನ್ ಇರುವವರು ಹಳೆಯ ಬ್ಲೂಟೂತ್ ಮಾದರಿ ಕೊಳ್ಳಬೇಡಿ, ಕೆಲಸ ಮಾಡುವುದಿಲ್ಲ. ಬ್ಲೂಟೂತ್ ಲೋ ಎನರ್ಜಿ ಅಂತ ಬರೆದಿರುವುದನ್ನು ಅಥವಾ ವೈಫೈ ಮಾದರಿ ನೋಡಿ. ಕೆಲವು ಹೊಸ ಕಾರುಗಳಲ್ಲಿ ಆಕ್ಸಿಜನ್ ಸೆನ್ಸರ್ ವೋಲ್ಟ್ ಬದಲು ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಳತೆ) ತೋರಿಸುತ್ತದೆ, 1ಕ್ಕಿಂತ ಕಡಿಮೆ ಅಂದರೆ ರಿಚ್.

ಡೀಸೆಲ್ ಟರ್ಬೊ ಕಾರಿನವರಿಗೆ ಈ ಕತೆ ಇದ್ದ ಹಾಗೇ ಅನ್ವಯ ಆಗುವುದಿಲ್ಲ. ಟರ್ಬೊ ಗಾಳಿಯನ್ನು ಒತ್ತಿ ಕೊಡುವುದರಿಂದ ಶಕ್ತಿ ಅಷ್ಟಾಗಿ ಇಳಿಯುವುದಿಲ್ಲ, ಆದರೆ ಟರ್ಬೊ ಎಚ್ಚರ ಆಗುವ ಮುಂಚಿನ ಕಡಿಮೆ ಆರ್‌ಪಿಎಂನಲ್ಲಿ ಎತ್ತರದ ಮೇಲೆ ಜಾಸ್ತಿ ಮಂಕು. ನಮ್ಮ ಜೊತೆ ಬಂದ ಗೆಳೆಯನ ಡೀಸೆಲ್ ಎಸ್‌ಯುವಿ ಕೂಡ ಗಾಟಾ ಲೂಪ್ಸ್‌ನ ತಿರುವುಗಳಲ್ಲಿ ಒಂದು ಕ್ಷಣ ಯೋಚನೆ ಮಾಡುತ್ತಿತ್ತು. ಒಂದು ಗೇರ್ ಕೆಳಗೆ ಹಾಕಿ ಆರ್‌ಪಿಎಂ 2,000ದ ಮೇಲೆ ಇಟ್ಟುಕೊಂಡ ಮೇಲೆ ಸರಿಹೋಯಿತು.

ಇನ್ನೊಂದು ಮಾತು. ಬೆಟ್ಟದ ಮೇಲೆ ಕಾರು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ, ಸರಿಹೋಗುತ್ತದೆ ಅಂತ ಅಲ್ಲಿನ ಡ್ರೈವರ್‌ಗಳು ಹೇಳುತ್ತಾರೆ. ಅದು ಮೂಢನಂಬಿಕೆ ಅಲ್ಲ. ಕೆಲವು ಕಾರುಗಳಲ್ಲಿ ಇಸಿಯು ಹೊರಗಿನ ಒತ್ತಡವನ್ನು ಕೀ ಆನ್ ಮಾಡಿದಾಗ ಅಳೆದುಕೊಳ್ಳುತ್ತದೆ. ಒಂದೇ ಉಸಿರಿನಲ್ಲಿ ಸಾವಿರ ಮೀಟರ್ ಏರಿದ್ದರೆ ಹೊಸ ಲೆಕ್ಕ ಸಿಗುತ್ತದೆ. ನಮ್ಮ ತೊಂದರೆಗೆ ಅದು ಮದ್ದಾಗಲಿಲ್ಲ, ಆದರೆ ಖರ್ಚಿಲ್ಲದ ಪ್ರಯತ್ನ.

ಕೊಳ್ಳಬಹುದಾ ಅಂದರೆ, ಖಂಡಿತ ಕೊಳ್ಳಿ, ಆದರೆ ಹೊರಡುವ ಹಿಂದಿನ ದಿನ ಅಲ್ಲ. ಒಂದು ತಿಂಗಳು ಮುಂಚೆ ಕೊಂಡು, ಕಾರು ಚೆನ್ನಾಗಿರುವಾಗಲೇ ಅದರ ನಂಬರ್ ಬರೆದಿಟ್ಟುಕೊಳ್ಳಿ. ಕೀ ಆನ್‌ನಲ್ಲಿ ಒತ್ತಡ, ಬಿಸಿ ಎಂಜಿನ್‌ನ ಐಡಲ್‌ನಲ್ಲಿ ಟ್ರಿಮ್, ಹೈವೇಯಲ್ಲಿ ಟ್ರಿಮ್. ಊಟಿಗೋ ಮುಳ್ಳಯ್ಯನಗಿರಿಗೋ ಹೋದರೆ ಅಲ್ಲೂ ಒಂದು ಸಲ ನೋಡಿ. ನನ್ನ ಹತ್ತಿರ ಪ್ಲಸ್ 2 ಅನ್ನುವ ಹಳೆಯ ನಂಬರ್ ಇದ್ದದ್ದರಿಂದಲೇ ಮೈನಸ್ 22 ನೋಡಿ ಗಾಡಿ ತಿರುಗಿಸುವ ಧೈರ್ಯ ಬಂತು. ಇಲ್ಲದಿದ್ದರೆ ಎತ್ತರಕ್ಕೆ ಇದು ನಾರ್ಮಲ್ ಅಂದುಕೊಂಡು ಸರ್ಚು ಕಡೆಗೆ ಹೋಗಿಬಿಡುತ್ತಿದ್ದೆನೇನೋ.

ಬೆಂಗಳೂರಿಗೆ ಬಂದ ಮೇಲೆ ಕ್ಯಾನಿಸ್ಟರ್ ಹೊಸದು ಹಾಕಿಸಿದೆ. ಪೆಟ್ರೋಲ್ ಕುಡಿದ ಇದ್ದಿಲು ಮೊದಲಿನ ಹಾಗೆ ಹೀರುವುದಿಲ್ಲ ಅಂದರು, ಸುಮಾರು ಮೂರು ಸಾವಿರ ಆಯಿತು. ಕಳೆದ ಭಾನುವಾರ ನಂದಿ ಬೆಟ್ಟಕ್ಕೆ ಹೋಗಿದ್ದೆವು. ಮೇಲೆ ಒತ್ತಡ 86. ಈ ಸಲ ಐದನೇ ಗೆರೆಯನ್ನೂ ಹಾಕಿಕೊಂಡಿದ್ದೆ. ಪರ್ಜ್ ಶೇಕಡಾ 30ಕ್ಕೆ ಏರಿದಾಗಲೂ ಟ್ರಿಮ್ ಮೈನಸ್ 2ರಿಂದ ಕದಲಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಕೇಲಾಂಗ್‌ಗೆ ಕಳಿಸಿದೆ. ಈಗ ಟಂಕಿ ಎಷ್ಟು ತುಂಬಿಸುತ್ತೀರಿ ಅಂತ ಅವರಿಂದ ಉತ್ತರ ಬಂತು.